ಸೋಮವಾರದ ಒಪ್ಪತ್ತು

ಕೇಳುಗರಿಗೆ ನಮಸ್ಕಾರ.

ನಮ್ಮ ಬಳ್ಳಾರಿ ಕಡೆ ಮನೆಗೆ ಯಾರೇ ಬರಲಿ, ಮೊದಲು ಕೇಳುವುದು ‘ಊಟ ಆತೇನ್ರಿ?’ ಅಂತ. ಇಂಥ ಊರಲ್ಲಿ ಉಣ್ಣುವುದಕ್ಕೇ ಹೆದರುವ ಕಾಯಿಲೆ ಇದೆ ಅಂದರೆ ಯಾರು ನಂಬುತ್ತಾರೆ? ನಾನೂ ನಂಬಿರಲಿಲ್ಲ.

ಪಿಯುಸಿ ಓದುತ್ತಿದ್ದ ಮಗಳು ರೊಟ್ಟಿಯನ್ನು ಉಗುರಿನಷ್ಟು ಚೂರು ಮಾಡಿ ಪುಂಡಿಪಲ್ಯದ ಕೆಳಗೆ ಮುಚ್ಚಿಡುತ್ತಿದ್ದಳು. ‘ಹೊಟ್ಟಿ ತುಂಬೈತವ್ವ’ ಅಂತ ಎದ್ದುಬಿಡುತ್ತಿದ್ದಳು. ಮುಟ್ಟು ನಿಂತಿತ್ತು. ಬಳ್ಳಾರಿಯ ಏಪ್ರಿಲ್ ಬಿಸಿಲಲ್ಲಿ ಸ್ವೆಟರ್ ಹಾಕಿಕೊಂಡು ಕೂತಾಗ ನನಗೆ ದಿಗಿಲಾಯಿತು. ಮೊದಲು ನೋಡಿದ ಡಾಕ್ಟರು ಟಾನಿಕ್ ಬರೆದು ಕಳಿಸಿದರು.

ಹಳ್ಳಿಗಳಿಗೂ ಮಾನಸಿಕ ಚಿಕಿತ್ಸೆ ಮುಟ್ಟಿಸಬಹುದೆಂದು 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಮಾಡಿ ತೋರಿಸಿದ್ದು ನಮ್ಮ ಜಿಲ್ಲೆಯಲ್ಲೇ. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ‘ಬಳ್ಳಾರಿ ಮಾದರಿ’. ಅಂಥ ಊರಿನವಳಾದ ನಾನು, ಸುಳ್ಳು ಯಾಕೆ ಹೇಳಲಿ, ಮನೋವೈದ್ಯರ ಬಾಗಿಲಲ್ಲಿ ಸೆರಗು ಮುಖಕ್ಕೆ ಎಳೆದುಕೊಂಡಿದ್ದೆ.

ಅವರು ಹೇಳಿದ ಹೆಸರು ಅನೊರೆಕ್ಸಿಯಾ ನರ್ವೋಸಾ, ದಪ್ಪಗಾಗಿಬಿಡುತ್ತೇನೆ ಅನ್ನುವ ಭಯಕ್ಕೆ ಊಟ ಬಿಡಿಸುವ ಕಾಯಿಲೆ. ಆಸ್ಪತ್ರೆಗೆ ನಾನು ಡಬ್ಬಿ ತುಂಬ ಶೇಂಗಾ ಹೋಳಿಗೆ ಒಯ್ದಿದ್ದೆ. ಡಾಕ್ಟರು ತಡೆದರು. ಬಹಳ ದಿನ ಹಸಿದ ಮೈಗೆ ಒಮ್ಮೆಲೇ ಉಣ್ಣಿಸಿದರೆ ರಕ್ತದ ಫಾಸ್ಫೇಟ್ ಕುಸಿದು ಹೃದಯಕ್ಕೇ ಕುತ್ತು ಬರಬಹುದಂತೆ. ರಕ್ತ ಪರೀಕ್ಷೆ ಮಾಡುತ್ತಾ ಅಳತೆ ಹೆಚ್ಚಿಸುತ್ತಾ ಹೋದರು.

ಆಮೇಲಿನದು ಮನೆಯಲ್ಲಿ. ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ ಬೆಳೆದ ಪದ್ಧತಿ ಅದು. ಏನು ಉಣ್ಣಬೇಕು, ಎಷ್ಟು ಉಣ್ಣಬೇಕು ಅನ್ನುವುದನ್ನು ಸದ್ಯಕ್ಕೆ ತಂದೆತಾಯಿ ನಿರ್ಧರಿಸಬೇಕು. ಮಕ್ಕಳು ಚೇತರಿಸಿಕೊಂಡಂತೆ ಅದನ್ನು ಅವರ ಕೈಗೇ ಬಿಡಬೇಕು. ಕೇಳಲು ಸರಳ. ಒಂದು ರೊಟ್ಟಿಗೆ ಒಂದೂವರೆ ತಾಸು ಹಿಡಿದ ದಿನಗಳಿವೆ. ಅವಳು ತಟ್ಟೆ ತಳ್ಳುತ್ತಿದ್ದಳು, ನಾನು ಮತ್ತೆ ಎಳೆದು ಮುಂದಿಡುತ್ತಿದ್ದೆ. ಅಳು ಬಂದರೆ ಅಡುಗೆಮನೆಗೆ ಹೋಗುತ್ತಿದ್ದೆ.

ತೂಕ ಬಂತು, ಮುಟ್ಟು ಬಂತು. ಮುಗೀತು ಅಂದುಕೊಂಡೆವು. ಪಕ್ಕದ ಮನೆಯಾಕೆ ‘ಈಗ ನೋಡು, ಗುಂಡಗುಂಡಗ ಆಗೀದಿ’ ಅಂದಳು. ಪ್ರೀತಿಯಿಂದಲೇ ಅಂದದ್ದು; ಮಗಳು ಆ ರಾತ್ರಿ ಉಣ್ಣಲಿಲ್ಲ.

ಹಾಸ್ಟೆಲಿಗೆ ಹೋದಳು. ಶ್ರಾವಣದಲ್ಲಿ ಫೋನು: ‘ಸೋಮವಾರ ಒಪ್ಪತ್ತು ಹಿಡಿದೀನವ್ವ.’ ನಮಗೆ ಖುಷಿಯೇ ಆಯಿತು. ಆಮೇಲೆ ಗುರುವಾರ ರಾಯರಿಗೆ, ಶನಿವಾರ ಹನುಮಪ್ಪನಿಗೆ. ವಾರದಲ್ಲಿ ದೇವರಿಲ್ಲದ ದಿನವೇ ಉಳಿಯಲಿಲ್ಲ. ವ್ರತ ಅಂದಮೇಲೆ ನಮ್ಮ ಮನೆಗಳಲ್ಲಿ ಯಾರು ಪ್ರಶ್ನೆ ಮಾಡುತ್ತಾರೆ? ಕಾಯಿಲೆಗೆ ಅದು ಗೊತ್ತು.

ನಾನು ಹಣೆ ಚಚ್ಚಿಕೊಂಡೆ. ಡಾಕ್ಟರು ಗಾಬರಿಯಾಗಲಿಲ್ಲ. ಗುಣವಾದ ಮೊದಲ ವರ್ಷದಲ್ಲೇ ಮರುಕಳಿಸುವುದು ಹೆಚ್ಚು, ಹೋದಸಲ ವರ್ಷ ಕಳೆದು ಬಂದಿರಿ, ಈ ಸಲ ಆರು ವಾರಕ್ಕೇ ಬಂದಿದ್ದೀರಲ್ಲ ಅಂದರು. ಮತ್ತೆ ತಟ್ಟೆ, ಮತ್ತೆ ಪಕ್ಕದಲ್ಲಿ ಕೂರುವುದು.

ಇನ್ನೊಂದು ಮಾತು. ತಿಂದು ಗುಟ್ಟಾಗಿ ವಾಂತಿ ಮಾಡುವ ಮಕ್ಕಳೂ ಇದ್ದಾರೆ. ನೋಡಲು ಸೊರಗಿರಲೇಬೇಕೆಂದಿಲ್ಲ, ಆದರೆ ಪೊಟ್ಯಾಸಿಯಂ ಇಳಿದು ಎದೆಬಡಿತ ತಪ್ಪಬಹುದು. ಎಲ್ಲಿಗೆ ಹೋಗಬೇಕೋ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಕನ್ನಡದಲ್ಲೇ ಮಾತಾಡುತ್ತಾರೆ.

ಮುಂದಿನ ಸೋಮವಾರ ಮಗಳು ದೇವರ ಹೆಸರು ಹೇಳಿ ತಟ್ಟೆ ಸರಿಸಿದಳು. ನಮ್ಮತ್ತೆಗೆ ಎಪ್ಪತ್ತು ದಾಟಿದೆ. ‘ನಿನ್ನ ಸೋಮವಾರ ನಾ ಹಿಡೀತೀನಿ. ಶಿವಪ್ಪನ ಲೆಕ್ಕ ನಾ ನೋಡ್ಕೊಂತೀನಿ, ನೀ ಉಣ್ಣು’ ಅಂದು ಎದುರಿಗೆ ಕೂತರು.

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು ರೊಟ್ಟಿ ಮುರಿದಳು. ಚೂರು ಉಗುರಿಗಿಂತ ದೊಡ್ಡದಿತ್ತು.