ಮಳೆಗೂ ಮುಪ್ಪಿಗೂ ಒದಗುವ ಮನೆ

ನಮಸ್ಕಾರ. ಗೋವಾದಲ್ಲಿ ನಿವೇಶನ ಕೊಂಡು ಸ್ವಂತ ಮನೆ ಕಟ್ಟಿಸಲು ಹೊರಟಿರುವ ಕನ್ನಡಿಗರ ಜೊತೆ ಇವತ್ತು ಒಂದು ವಿಷಯವನ್ನು ಬಿಚ್ಚಿ ಮಾತನಾಡಬೇಕಿದೆ. ವಾಸ್ಕೊ, ಮಡಗಾಂವ್, ಫೋಂಡಾ ಕಡೆ ನಮ್ಮವರು ಕಟ್ಟಿಸಿದ ಎಷ್ಟೋ ಹೊಸ ಮನೆಗಳನ್ನು ನೋಡಿದರೆ, ಗೃಹಪ್ರವೇಶದ ದಿನ ಬಂದವರು ಮೆಚ್ಚಲಿ ಎಂದೇ ಕಟ್ಟಿಸಿದಂತಿವೆ. ಇಲ್ಲಿ ಹತ್ತಾರು ಮಳೆಗಾಲ ಕಳೆಯಬೇಕು, ಇಲ್ಲೇ ನಮಗೆ ವಯಸ್ಸಾಗುತ್ತದೆ ಎಂಬ ಎಣಿಕೆ ನಕ್ಷೆಯಲ್ಲಿ ಕಾಣುವುದಿಲ್ಲ. ಇದು ನನ್ನನ್ನು ನಿಜವಾಗಿಯೂ ಕಾಡುತ್ತದೆ. ಜೀವಮಾನದ ದುಡಿಮೆ ಸುರಿದು ಕಟ್ಟಿಸುವ ಮನೆಯಲ್ಲವೇ ಅದು?

ಮೊದಲು ಛಾವಣಿ. ವಿಜಯಪುರ, ಬಾಗಲಕೋಟೆಯಿಂದ ಬಂದವರು ಮಾಳಿಗೆ ಮನೆಯಲ್ಲಿ ಬೆಳೆದವರು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ಸೀಮೆಗೆ ಚಪ್ಪಟೆ ಮಾಳಿಗೆ ಒಪ್ಪುತ್ತದೆ. ಬೇಸಿಗೆಯ ರಾತ್ರಿ ಮೇಲೆ ಹಾಸಿಗೆ ಹಾಸಿಕೊಳ್ಳಬಹುದು. ಗೋವಾದಲ್ಲಿ ಬೀಳುವುದು ಸುಮಾರು 3000 ಮಿಲಿಮೀಟರ್, ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಇಲ್ಲಿ ಚಪ್ಪಟೆ ಸ್ಲ್ಯಾಬ್ ಹಾಕಿಸಿದರೆ ಕೆಲವು ವರ್ಷಗಳಲ್ಲಿ ಮಲಗುವ ಕೋಣೆಯ ಮೂಲೆಯಲ್ಲಿ ತೇವದ ಕಲೆ ಮೂಡುತ್ತದೆ. ಆಮೇಲೆ ಅದೇ ಸ್ಲ್ಯಾಬಿನ ಮೇಲೆ ಕಬ್ಬಿಣದ ಕಂಬ ನೆಟ್ಟು ಶೀಟು ಹೊದಿಸುತ್ತಾರೆ. ಯಾವುದಾದರೂ ಬಡಾವಣೆಯಲ್ಲಿ ತಲೆಯೆತ್ತಿ ನೋಡಿ, ಹೀಗೆ ಎರಡೆರಡು ಛಾವಣಿಗೆ ದುಡ್ಡು ತೆತ್ತ ಮನೆಗಳು ಕಾಣುತ್ತವೆ. ಮೊದಲೇ ಇಳಿಜಾರು ಮಾಡಿಸಿ ಹೆಂಚು ಹೊದಿಸಬಹುದಿತ್ತು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಹೆಸರಾದ ಆ ಹೆಂಚು ಗೋವಾದ ಹಳೆಯ ಮನೆಗಳ ಮೇಲೆ ಇಂದಿಗೂ ಇದೆ. ಒಂದು ಒಡೆದರೆ ಆ ಒಂದನ್ನೇ ಬದಲಿಸಿದರೆ ಸಾಕು.

ಸೂರು ಗೋಡೆಯಿಂದ ಮೂರಡಿಯಾದರೂ ಮುಂದೆ ಚಾಚಿರಲಿ. ಇಲ್ಲಿ ಗೋಡೆಗೆ ಬಳಸುವ ಚಿರೆಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ, ನೀರು ಹೀರುವ ಕಲ್ಲು. ನೈಋತ್ಯದ ಮಳೆ ಗೋಡೆಗೆ ನೇರವಾಗಿ ಬಡಿಯುತ್ತಿದ್ದರೆ, ಆಗಸ್ಟ್‌ನಲ್ಲಿ ಕಪಾಟು ತೆರೆದಾಗ ರೇಷ್ಮೆ ಸೀರೆಯ ಮಡಿಕೆಯಲ್ಲಿ ಬೂಷ್ಟು ಹಿಡಿದಿರುತ್ತದೆ. ಆ ಗೋಡೆಗೆ ತಾಗಿಸಿ ಕಪಾಟು ಮಾಡಿಸಲೇಬೇಡಿ. ಅಡುಗೆಮನೆಯಲ್ಲಿ ಸಿಂಕಿನ ಕೆಳಗೆ ಪ್ಲೈವುಡ್ ಬದಲು ಕಡಪ ಕಲ್ಲಿನ ಹಲಗೆ ಹಾಕಿಸಿ. ಅದು ಉಬ್ಬುವುದಿಲ್ಲ, ಗೆದ್ದಲು ಹಿಡಿಯುವುದಿಲ್ಲ.

ಪಶ್ಚಿಮ ದಿಕ್ಕು ಎಲ್ಲರಿಗೂ ತಲೆನೋವು. ಗಾಳಿ ಬರುವುದೂ ಅಲ್ಲಿಂದಲೇ, ಮಧ್ಯಾಹ್ನದ ಬಿಸಿಲು ಮತ್ತು ಮಳೆ ನುಗ್ಗುವುದೂ ಅಲ್ಲಿಂದಲೇ. ಪಣಜಿಯ ಕಲಾ ಅಕಾಡೆಮಿಯನ್ನು ರೂಪಿಸಿದ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಮುಂಬೈಯಲ್ಲಿ ಇದೇ ಸಮಸ್ಯೆಯನ್ನು ಎದುರಿಸಿದರು. 1983ರಲ್ಲಿ ಮುಗಿದ ಕಾಂಚನಜುಂಗಾ ಕಟ್ಟಡದಲ್ಲಿ ಅವರು ಕೋಣೆಗಳನ್ನು ಒಳಕ್ಕೆ ಸರಿಸಿ, ಹಳೆಯ ಬಂಗಲೆಗಳಂತೆ ಆಳವಾದ ಜಗಲಿಗಳನ್ನು ಹೊರಗಿಟ್ಟರು. ಇಪ್ಪತ್ತೆಂಟು ಮಹಡಿಯ ಕಟ್ಟಡಕ್ಕೆ ಸಾಧ್ಯವಾದದ್ದು ನಮ್ಮ ಒಂದು ಮಹಡಿಯ ಮನೆಗೆ ಕಷ್ಟವೇ? ಪಶ್ಚಿಮಕ್ಕೆ ದೊಡ್ಡ ಗಾಜು ಕೂರಿಸಿ, ಆಮೇಲೆ ಎಸಿಯ ಬಿಲ್ಲಿಗೆ ಮರುಗುವುದರಲ್ಲಿ ಯಾವ ಸುಖವೂ ಇಲ್ಲ.

ಇನ್ನು ನಾನು ಹಟ ಹಿಡಿದು ಹೇಳುವ ವಿಷಯ ಬಚ್ಚಲುಮನೆ. ನೆಲಮಹಡಿಯಲ್ಲಿ ಒಂದು ಮಲಗುವ ಕೋಣೆ, ಅದಕ್ಕೆ ಹೊಂದಿಕೊಂಡ ಒಂದು ಬಚ್ಚಲು ಇರಲೇಬೇಕು. ಸಾಮಾನ್ಯವಾಗಿ ಬಚ್ಚಲಿಗೆ ಎರಡೂವರೆ ಅಡಿಯ ಬಾಗಿಲು ಇಡಿಸುತ್ತಾರೆ. ಚೌಕಟ್ಟು, ಕದದ ದಪ್ಪ ಕಳೆದರೆ ಗಾಲಿಕುರ್ಚಿಗೆ ಉಳಿಯುವ ಜಾಗ ತೀರಾ ಇಕ್ಕಟ್ಟು. ಹೋಗಿ ಬರಲು 900 ಮಿಲಿಮೀಟರ್ ತೆರವು ಬಿಡಿಸಿ, ಹೊಸ್ತಿಲು ಎತ್ತರಿಸಬೇಡಿ. ಕದ ಹೊರಕ್ಕೆ ತೆರೆಯಲಿ. ಒಳಗೆ ಜಾರಿ ಬಿದ್ದವರ ದೇಹ ಕದಕ್ಕೆ ಅಡ್ಡವಾದರೆ, ಒಳಕ್ಕೆ ತೆರೆಯುವ ಬಾಗಿಲನ್ನು ಹೊರಗಿನವರು ತಳ್ಳಲಾಗುವುದಿಲ್ಲ, ಒಡೆಯಬೇಕಾಗುತ್ತದೆ. ಗೋಡೆಗೆ ಗಾರೆ ಹಚ್ಚುವ ಮುನ್ನ ಪೈಪುಗಳ ಫೋಟೊ ತೆಗೆದಿಡಿ. ಮುಂದೆ ಕಮೋಡಿನ ಪಕ್ಕ ಹಿಡಿಕೆ ಕೂರಿಸುವಾಗ ಡ್ರಿಲ್ ಎಲ್ಲಿ ಹಾಕಬಾರದು ಎಂದು ತಿಳಿಯುತ್ತದೆ.

ಇದಕ್ಕೆಲ್ಲ ತಗಲುವ ಹೆಚ್ಚುವರಿ ಖರ್ಚು ಮನೆಯ ಮುಂಭಾಗದ ಅಲಂಕಾರಕ್ಕೆ ಸುರಿಯುವುದಕ್ಕಿಂತ ಕಡಿಮೆ. ನಕ್ಷೆಗೆ ಸಹಿ ಹಾಕುವ ಮುನ್ನ, ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ಎಂಜಿನಿಯರ್ ಬಳಿ ಕರೆದುಕೊಂಡು ಹೋಗಿ. ಎಷ್ಟು ಎತ್ತರದ ಮೆಟ್ಟಿಲು ಹತ್ತಲು ಮಂಡಿ ಒಪ್ಪುತ್ತದೆ, ರಾತ್ರಿ ಎದ್ದಾಗ ಸ್ವಿಚ್ ಎಲ್ಲಿದ್ದರೆ ಕೈಗೆ ಸಿಗುತ್ತದೆ ಎಂದು ಅವರೇ ಹೇಳಲಿ. ಎಂಜಿನಿಯರ್ ಅದನ್ನು ಅವರ ಎದುರಿಗೇ ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಲಿ.