ರೂಫ್ ತೆಗೆದ ಮೇಲೆ ಶುರುವಾಗುವ ಕೆಲಸ

ಎಲ್ಲರಿಗೂ ನಮಸ್ಕಾರ.

ನನಗಿಂತ ಮೊದಲು ಮಾತಾಡಿದ ಗೆಳೆಯರು ಒಂದು ಮಾತು ಹೇಳಿದರು. ಕನ್ವರ್ಟಿಬಲ್ ಅಂದರೆ ರೂಫ್ ಕತ್ತರಿಸಿದ ಕಾರು, ಶೋಕಿಗೆ ಜಾಸ್ತಿ ದುಡ್ಡು ಕೊಡುವವರಿಗೆ ಮಾಡಿದ್ದು, ಅಂತ. ಪ್ರೀತಿಯಿಂದಲೇ ಹೇಳುತ್ತೇನೆ, ಇದನ್ನು ನಾನು ಒಪ್ಪುವುದಿಲ್ಲ. ಬರೆದು ತಂದಿದ್ದನ್ನು ಪಕ್ಕಕ್ಕಿಟ್ಟು ಇಲ್ಲಿಂದಲೇ ಶುರು ಮಾಡುತ್ತೇನೆ.

ಈ ಬೂಟಿನ ಡಬ್ಬ ನೋಡಿ. ಮುಚ್ಚಳ ಹಾಕಿ ಟೇಪ್ ಸುತ್ತಿದೆ. ಎರಡೂ ಕೈಯಲ್ಲಿ ಹಿಡಿದು ತಿರುಚುತ್ತೇನೆ. ಜಗ್ಗುವುದಿಲ್ಲ. ಈಗ ಮುಚ್ಚಳ ತೆಗೆದೆ. ನೋಡಿ, ಒದ್ದೆ ಬಟ್ಟೆ ಹಿಂಡಿದ ಹಾಗೆ ಹೇಗೆ ತಿರುಚಿಕೊಳ್ಳುತ್ತಿದೆ! ಕಾರಿನದೂ ಇದೇ ಕಥೆ. ರೂಫ್ ಇರುವುದು ಬರೀ ಮಳೆ ಬಿಸಿಲಿಗಲ್ಲ. ಬಾಡಿಯನ್ನು ಬಿಗಿಯಾಗಿ ಹಿಡಿದಿಡುವುದೂ ಅದರ ಕೆಲಸ. ಅದನ್ನು ತೆಗೆದು ಸುಮ್ನೆ ಬಿಟ್ಟರೆ ಗುಂಡಿಗೆ ಇಳಿದಾಗ ಸ್ಟೇರಿಂಗ್ ನಡುಗುತ್ತದೆ, ಬಾಗಿಲು ಕಿರುಗುಟ್ಟುತ್ತದೆ. ಪಲ್ಟಿಯಾದರೆ ತಲೆ ಕಾಯಲು ಏನೂ ಇರುವುದಿಲ್ಲ.

ಹಾಗಾಗಿ ನಾನು ಹೇಳುವುದು ಇಷ್ಟೇ. ತೆಗೆದ ರೂಫಿನ ಕೆಲಸವನ್ನು ಬೇರೆ ಯಾರು ಮಾಡಿದರು? ಓಪನ್ ಕಾರಿನ ಚರಿತ್ರೆ ಅಂದರೆ ಈ ಪ್ರಶ್ನೆಗೆ ಸಿಕ್ಕ ಉತ್ತರಗಳು. ಮರ್ಸಿಡಿಸ್ ಕಂಪನಿಯ ಎಸ್‌ಎಲ್ ಅನ್ನುವ ಸ್ಪೋರ್ಟ್ಸ್ ಕಾರುಗಳ ಸಾಲಿನಷ್ಟು ಚೆನ್ನಾಗಿ ಇದನ್ನು ತೋರಿಸುವ ಕಾರು ನನಗೆ ಗೊತ್ತಿಲ್ಲ.

1954ರ 300 ಎಸ್‌ಎಲ್ ನಿಮಗೆಲ್ಲ ಗೊತ್ತು, ರೆಕ್ಕೆ ಎತ್ತಿದ ಹಾಗೆ ಬಾಗಿಲು ತೆರೆಯುವ ಕಾರು. ಆ ಬಾಗಿಲು ಚಂದಕ್ಕೆ ಬಂದದ್ದಲ್ಲ. ಮರ್ಸಿಡಿಸ್ ಎಂಜಿನಿಯರ್ ರುಡಾಲ್ಫ್ ಉಲೆನ್‌ಹೌಟ್ ಸಣ್ಣ ಸಣ್ಣ ಉಕ್ಕಿನ ಕೊಳವೆ ಬೆಸೆದು ಮಾಡಿದ ಚೌಕಟ್ಟು ಬದಿಗಳಲ್ಲಿ ಎತ್ತರಕ್ಕೆ ಏರಿತ್ತು. ಮಾಮೂಲಿ ಬಾಗಿಲಿಗೆ ಜಾಗವೇ ಇರಲಿಲ್ಲ. 1957ರಲ್ಲಿ ಜಿನೀವಾ ಕಾರು ಮೇಳಕ್ಕೆ ಅದರ ಓಪನ್ ರೂಪ, ರೋಡ್‌ಸ್ಟರ್, ಬಂದಾಗ ಆ ಬದಿಗಳನ್ನು ತಗ್ಗಿಸಿದ್ದರು, ಹೋದ ಬಲವನ್ನು ಬೇರೆ ಕಡೆ ಕೊಳವೆ ಸೇರಿಸಿ ತುಂಬಿದ್ದರು. ರೂಫ್ ಹೋಯಿತು, ಕಾರಿನ ತೂಕ ಏರಿತು! ವಿಚಿತ್ರ ಅಲ್ವಾ? ನನ್ನ ಡಬ್ಬ ಹೇಳುವುದೂ ಅದನ್ನೇ. 1963ರವರೆಗೆ ಅಂಥ 1858 ಕಾರುಗಳು ತಯಾರಾದವು.

1963ರ 230 ಎಸ್‌ಎಲ್ ಬಗ್ಗೆ ಡಿಸೈನರ್ ಪಾಲ್ ಬ್ರಾಕ್ ಕೊಟ್ಟ ರೂಪವನ್ನೇ ಎಲ್ಲರೂ ಹೊಗಳುತ್ತಾರೆ. ಎಂಜಿನಿಯರ್ ಬೇಲಾ ಬರೇನಿ ಹೆಸರು ಯಾರೂ ಎತ್ತುವುದಿಲ್ಲ. ಡಿಕ್ಕಿಯಾದಾಗ ಮೂತಿ, ಹಿಂಭಾಗ ನುಜ್ಜುಗುಜ್ಜಾಗಲಿ, ಕೂತವರ ಸುತ್ತಲಿನ ಗೂಡು ಗಟ್ಟಿಯಾಗಿ ಉಳಿಯಲಿ ಅಂತ ಯೋಚಿಸಿದವರು ಅವರು. ಆ ಯೋಚನೆ ಈ ಓಪನ್ ಕಾರಿಗೂ ಬಂತು. ಕಳಚಿ ಹಾಕುವ ಗಟ್ಟಿ ರೂಫ್ ನಡುವೆ ತಗ್ಗಾಗಿತ್ತು. ಅದಕ್ಕೇ ಪಗೋಡ, ಅಂದರೆ ಬೌದ್ಧ ಗುಡಿಯ ಗೋಪುರ, ಅನ್ನುವ ಅಡ್ಡಹೆಸರು ಬಂತು.

1971ರಿಂದ 1989ರವರೆಗೆ ಬಂದ ಎಸ್‌ಎಲ್ ಮಾಡೆಲ್ ಹದಿನೆಂಟು ವರ್ಷ ಓಡಿತು, 2,37,287 ಕಾರು. ಅಮೆರಿಕದಲ್ಲಿ ಸುರಕ್ಷಿತವಲ್ಲ ಅಂತ ಓಪನ್ ಕಾರುಗಳನ್ನೇ ನಿಲ್ಲಿಸಿಬಿಡುತ್ತಾರೇನೋ ಅನ್ನುವ ಭಯ ಇದ್ದ ಕಾಲ ಅದು. ಮರ್ಸಿಡಿಸ್‌ನವರು ಮುಂಗಾಜಿನ ಎರಡು ಕಂಬಗಳನ್ನು ಬಹಳ ಗಟ್ಟಿ ಮಾಡಿದರು, ಗಾಜನ್ನು ಅಂಟು ಹಾಕಿ ಕೂರಿಸಿದರು. ರೂಫಿನ ಅರ್ಧ ಕೆಲಸ ಕಂಬಗಳ ಹೆಗಲಿಗೆ ಬಂತು.

ಉಳಿದ ಅರ್ಧ? ಅದೇ ನನಗೆ ಇಷ್ಟವಾದ ಕಥೆ. ಸ್ವಲ್ಪ ಉದ್ದವಾಗುತ್ತದೆ, ಬಿಡಬೇಡಿ.

ಆಗ ಬೇರೆ ಕೆಲವರು ಸೀಟಿನ ಹಿಂದೆ ಅಡ್ಡಲಾಗಿ ಒಂದು ಕಮಾನು ನಿಲ್ಲಿಸುತ್ತಿದ್ದರು. ಫೋಕ್ಸ್‌ವ್ಯಾಗನ್ ಗಾಲ್ಫ್ ಕ್ಯಾಬ್ರಿಯೊ ನೆನಪಿಸಿಕೊಳ್ಳಿ. ಜರ್ಮನರು ಅದಕ್ಕೆ ಸ್ಟ್ರಾಬೆರಿ ಬುಟ್ಟಿ ಅಂತಲೇ ಹೆಸರಿಟ್ಟರು, ಹಿಡಿಕೆ ಇರುವ ಬುಟ್ಟಿ! ಮರ್ಸಿಡಿಸ್ ಡಿಸೈನರ್ ಬ್ರುನೋ ಸಾಕೊ ಅವರ ತಂಡದ ಹೊಸ ಎಸ್‌ಎಲ್‌ಗೆ ಅಂಥ ಹಿಡಿಕೆ ಬೇಡವಾಗಿತ್ತು. ಆದರೆ ತಲೆ ಕಾಯುವುದು ಬೇಕೇ ಬೇಕಿತ್ತು. ಅದಕ್ಕೆ ಅವರು ಕಂಡುಕೊಂಡ ದಾರಿ: ಕಮಾನು ಇರಲಿ, ಮಲಗಿರಲಿ, ಬೇಕಾದಾಗ ಮಾತ್ರ ಏಳಲಿ.

1989ರಲ್ಲಿ ಜಿನೀವಾದಲ್ಲಿ ಆ ಕಾರು ಬಂತು. ಕಾರು ಮಗುಚುವ ಸೂಚನೆ ಸೆನ್ಸರ್‌ಗೆ ಸಿಕ್ಕರೆ ಸಾಕು, ಸ್ಪ್ರಿಂಗ್ ಬಲದಿಂದ ರೋಲ್ ಬಾರ್, ಅಂದರೆ ಆ ಕಮಾನು, 0.3 ಸೆಕೆಂಡಿನಲ್ಲಿ ಎದ್ದು ನಿಲ್ಲುತ್ತದೆ. ಕಣ್ಣು ಮಿಟುಕಿಸುವಷ್ಟು ಹೊತ್ತು. ಸೀಟ್ ಬೆಲ್ಟ್ ಕಟ್ಟಲು ಪಕ್ಕದಲ್ಲಿ ಕಂಬ ಇಲ್ಲವಲ್ಲ, ಅದಕ್ಕೆ ಬೆಲ್ಟನ್ನು ಸೀಟಿನೊಳಗೇ ಸೇರಿಸಿದರು. ಆ ಎಳೆತ ತಡೆಯಲು ಸೀಟಿನ ಚೌಕಟ್ಟನ್ನು ಮೆಗ್ನೀಸಿಯಂ ಎರಕದಲ್ಲಿ ಮಾಡಿದರು. ಸೀಟು ಕೂಡ ರೂಫಿನ ಕೆಲಸ ಹಂಚಿಕೊಂಡಿತು, ಗಮನಿಸಿದಿರಾ?

ಒಮ್ಮೆ ಪರಿಚಯದವರೊಬ್ಬರ ಅಂಥ ಕಾರಿನಲ್ಲಿ ಕೂತು ಟಾಪ್ ತೆರೆಯುವ ಸ್ವಿಚ್ ಒತ್ತಿದ್ದೇನೆ. ಒತ್ತಿಯೇ ಹಿಡಿದಿರಬೇಕು. ಮೊದಲು ಕಿಟಕಿಗಳು ಇಳಿದವು. ಬಟ್ಟೆಯ ಟಾಪಿನ ಹಿಂದಿನ ಅಂಚು ಮೇಲೆದ್ದಿತು. ಹಿಂದಿನ ಮುಚ್ಚಳ ಬಾಯಿ ತೆರೆಯಿತು. ಬಟ್ಟೆ ಮಡಿಸಿಕೊಂಡು ಒಳಗೆ ಹೋಯಿತು, ಮುಚ್ಚಳ ಮುಚ್ಚಿತು. ಸುಮಾರು 30 ಸೆಕೆಂಡು. ಇದರ ಹಿಂದೆ 15 ಹೈಡ್ರಾಲಿಕ್ ಸಿಲಿಂಡರ್, 11 ವಾಲ್ವ್, 17 ಸ್ವಿಚ್ ಒಂದಾದ ಮೇಲೊಂದು ಕೆಲಸ ಮಾಡುತ್ತವೆ. ಆಮೇಲೆ ರೋಲ್ ಬಾರಿನ ಸ್ವಿಚ್ ಒತ್ತಿದೆ. ನಾವು ಒತ್ತಿದರೆ ಅದು ನಿಧಾನವಾಗಿ ಏಳುತ್ತದೆ. ಕಪ್ಪು, ದಪ್ಪ, ಅಂಗೈ ಇಟ್ಟರೆ ತಣ್ಣಗಿತ್ತು. ಹತ್ತಾರು ವರ್ಷ ಆ ಕಾರಿನಲ್ಲಿ ಅದು ಸುಮ್ನೆ ಮಲಗಿತ್ತು, ಒಂದು ಸಲವೂ ಕೆಲಸಕ್ಕೆ ಬಂದಿರಲಿಲ್ಲ. ಅದಕ್ಕಿಂತ ದೊಡ್ಡ ಸುಖ ಯಾವುದಿದೆ ಹೇಳಿ!

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಅದೇ ಕಾರಿನ ಗಾಳಿ ತಡೆಯುವ ಜಾಲರಿ, 1992ರ 12 ಸಿಲಿಂಡರ್ ಎಂಜಿನ್, ಎರಡನ್ನೂ ಬಿಡುತ್ತೇನೆ. ಬೇಗ ಹೇಳಿಬಿಡುತ್ತೇನೆ. 2001ರಲ್ಲಿ ಬಟ್ಟೆ ಹೋಗಿ 16 ಸೆಕೆಂಡಿನಲ್ಲಿ ಮಡಚುವ ಲೋಹದ ರೂಫ್ ಬಂತು. ಮುಚ್ಚಿದಾಗ ಗಟ್ಟಿ, ತೆರೆದಾಗ ಸಾಮಾನಿಡುವ ಡಿಕ್ಕಿಯ ಜಾಗವನ್ನು ಒಂದಷ್ಟು ತಿನ್ನುತ್ತಿತ್ತು. 2012ರಲ್ಲಿ ಬಾಡಿ ಬಹುತೇಕ ಪೂರ್ತಿ ಅಲ್ಯೂಮಿನಿಯಂ. 2021ರಲ್ಲಿ ಬಟ್ಟೆಯ ಟಾಪೇ ವಾಪಸ್ ಬಂತು, ಲೋಹದ ರೂಫಿಗಿಂತ 21 ಕಿಲೊ ಹಗುರ.

ಕೆಳಗಿನ ಬಾಡಿಯೇ ಸಾಕಷ್ಟು ಗಟ್ಟಿಯಾದ ಮೇಲೆ ಬಟ್ಟೆ ಬರೀ ಮಳೆ ಬಿಸಿಲು ತಡೆದರೆ ಸಾಕು, ಅಲ್ವಾ ಗೆಳೆಯರೇ? ಡಬ್ಬ, ಮುಚ್ಚಳ ಎರಡನ್ನೂ ಈ ಮೇಜಿನ ಮೇಲೇ ಇಟ್ಟು ಹೋಗುತ್ತೇನೆ. ಹೋಗುವ ಮುಂಚೆ ಒಮ್ಮೆ ತಿರುಚಿ ನೋಡಿ. ನಮಸ್ಕಾರ.