ದನಗಳ ದೊಡ್ಡರೋಗ ಹೋದ ಕಥೆ

ಕೇಳುಗರೇ, ನಮಸ್ಕಾರ. ಜಗತ್ತಿನಿಂದಲೇ ಅಳಿದುಹೋದ ರೋಗ ಯಾವುದು ಅಂದರೆ ಎಲ್ಲರೂ ಸಿಡುಬು ಅಂತೀರಿ. ಸರಿ. ಎರಡನೆಯದು? ಪೋಲಿಯೊ ಅಂದಿರಿ, ಅಲ್ವಾ? ಅದು ಇನ್ನೂ ಪೂರ್ತಿ ಹೋಗಿಲ್ಲ. ಎರಡನೆಯದು ನಮ್ಮ ಕೊಟ್ಟಿಗೆಯದು. ದನಗಳ ದೊಡ್ಡರೋಗ, ಡಾಕ್ಟರುಗಳ ಬಾಯಲ್ಲಿ ರಿಂಡರ್‌ಪೆಸ್ಟ್.

ಜ್ವರ, ಬಾಯಿತುಂಬ ಹುಣ್ಣು, ಕಣ್ಣಲ್ಲಿ ಮೂಗಲ್ಲಿ ನೀರು, ಆಮೇಲೆ ನಿಲ್ಲದ ಭೇದಿ. ವಾರ, ಹತ್ತು ದಿನದಲ್ಲಿ ದನ ಮುಗಿದೇ ಹೋಗುತ್ತಿತ್ತು. ಶಿರಸಿ, ಸಿದ್ದಾಪುರದ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಕೊಟ್ಟಿಗೆ ಖಾಲಿಯಾದರೆ ಹಾಲಷ್ಟೇ ಹೋಗುವುದಿಲ್ಲ, ಗದ್ದೆ ಹೂಡಲು ಎತ್ತಿಲ್ಲ, ಅಡಿಕೆ ತೋಟಕ್ಕೆ ಗೊಬ್ಬರವೂ ಇಲ್ಲ. 1890ರ ದಶಕದಲ್ಲಿ ಆಫ್ರಿಕಾದ ಬಹುಪಾಲು ದನಗಳು ಇದರಿಂದ ಸತ್ತವು. ಇಥಿಯೋಪಿಯಾದಲ್ಲಿ ಅದರ ಹಿಂದೆಯೇ ಬರ ಬಂದು ಜನರೂ ಸತ್ತರು.

ಕಾರವಾರದ ಬಂದರಿನವರಿಗೆ ಒಂದು ಸುದ್ದಿ. 1920ರಲ್ಲಿ ಭಾರತದಿಂದ ಬ್ರೆಜಿಲ್‌ಗೆ ಹೊರಟ ದನಗಳು ದಾರಿಯಲ್ಲಿ ಬೆಲ್ಜಿಯಂನ ಆಂಟ್‌ವರ್ಪ್ ಬಂದರಿನಲ್ಲಿ ಇಳಿದವು, ರೋಗವೂ ಇಳಿಯಿತು. ಯುರೋಪಿಗೆ ಗಾಬರಿ. 1924ರಲ್ಲಿ 28 ದೇಶಗಳು ಸೇರಿ ಪ್ಯಾರಿಸ್‌ನಲ್ಲಿ ಪ್ರಾಣಿಗಳ ಆರೋಗ್ಯಕ್ಕೇ ಒಂದು ಸಂಸ್ಥೆ ಕಟ್ಟಿದವು. ವಿಶ್ವ ಆರೋಗ್ಯ ಸಂಸ್ಥೆಗಿಂತ ಮೊದಲೇ, ನೋಡಿ.

ಆಮೇಲೆ ಕೀನ್ಯಾದಲ್ಲಿ ವಾಲ್ಟರ್ ಪ್ಲೋರೈಟ್ ಒಳ್ಳೆಯ ಲಸಿಕೆ ಮಾಡಿದರು. ಒಂದೇ ಸೂಜಿ, ಜೀವಮಾನಕ್ಕೆ ಸಾಕು. ನಮ್ಮಲ್ಲಿ 1954ರಿಂದಲೇ ಸರ್ಕಾರ ಲಸಿಕೆ ಹಾಕಿಸುತ್ತಿತ್ತು. ರೋಗ ಕಡಿಮೆಯಾಯಿತು, ಆದರೆ ಸುಮ್ನೆ ಹೋಗಲಿಲ್ಲ, ಅಲ್ಲಿ ಇಲ್ಲಿ ತಲೆ ಎತ್ತುತ್ತಲೇ ಇತ್ತು.

ನನಗೆ ಜಾಸ್ತಿ ಇಷ್ಟವಾದ ಭಾಗ ಮುಂದಿನದು. ಲಸಿಕೆ ಹಾಕಿದ ದನದ ರಕ್ತ ಪರೀಕ್ಷೆ ಮಾಡಿದರೂ, ರೋಗ ಬಂದು ಬದುಕಿದ ದನದ್ದು ಮಾಡಿದರೂ ಫಲಿತಾಂಶ ಒಂದೇ. ಹಾಗಾದರೆ ವೈರಸ್ ಇನ್ನೂ ಎಲ್ಲೋ ಅಡಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಲಸಿಕೆ ನಿಲ್ಲಿಸಿ ಕಾಯಬೇಕು! ಇಷ್ಟು ವರ್ಷ 'ಹಾಕಿಸಿ, ಹಾಕಿಸಿ' ಅಂದ ಇಲಾಖೆಯೇ ಇನ್ನು ಬೇಡ ಅನ್ನಬೇಕು, ಊರೂರಿಗೆ ಹೋಗಿ ಬಾಯಿಹುಣ್ಣಿನ ದನ ಇದೆಯಾ ಅಂತ ಕೇಳಬೇಕು. ಎದೆಗಾರಿಕೆ ಬೇಕು ಇದಕ್ಕೆ. ಭಾರತದಲ್ಲಿ ಕೊನೆಯದಾಗಿ ರೋಗ ಕಂಡದ್ದು 1995ರಲ್ಲಿ. 2006ರಲ್ಲಿ ದೇಶಕ್ಕೆ ರೋಗಮುಕ್ತ ಅನ್ನುವ ಮನ್ನಣೆ ಸಿಕ್ಕಿತು, 2011ರಲ್ಲಿ ಇಡೀ ಜಗತ್ತಿಗೆ.

ಇದರ ಹತ್ತಿರದ ನೆಂಟ ಆಡು, ಕುರಿಗಳಿಗೆ ಬರುವ ಪಿಪಿಆರ್. 2030ರೊಳಗೆ ಅದನ್ನೂ ಕಳಿಸಬೇಕು ಅಂತ ಪ್ಯಾರಿಸ್‌ನ ಅದೇ ಸಂಸ್ಥೆ, ಜೊತೆಗೆ ಇತರರೂ ಹೊರಟಿದ್ದಾರೆ. ಮನೆಯಲ್ಲಿ ಆಡು ಸಾಕಿದ್ದೀರಾ? ಹತ್ತಿರದ ಪಶು ಆಸ್ಪತ್ರೆಯಲ್ಲಿ ಪಿಪಿಆರ್ ಲಸಿಕೆ ಯಾವಾಗ ಹಾಕುತ್ತಾರೆ ಅಂತ ಕೇಳಿಕೊಳ್ಳಿ. ನಮಸ್ಕಾರ.